ಒತ್ತಕ್ಷರಕ್ಕೂ ಒಂದು ತರಗತಿ ಇರಲಿ

ಬೆಂಗಳೂರಿನ ವಾರಾಂತ್ಯದ ಅಕ್ಷರವಿನ್ಯಾಸ, ಪುಸ್ತಕ ಕಟ್ಟುವ ಕಮ್ಮಟಗಳ ಬಗ್ಗೆ ನೀವು ಲೇಖನ ಬರೆದದ್ದು ಒಳ್ಳೇದಾಯ್ತು. ಆದರೆ ನೀವು ಹೇಳಿದ ಪಾಠಗಳೆಲ್ಲ ಇಂಗ್ಲಿಷ್ ಅಕ್ಷರದ ಸುತ್ತಲೇ ಸುತ್ತುತ್ತವಲ್ಲ ಸ್ವಾಮಿ! ಕನ್ನಡದ ತಲೆನೋವು ಇರೋದು ಸಾಲಿನ ಕೆಳಗೆ. 'ರಾಷ್ಟ್ರ' ಅಂತ ಬರೆದರೆ ಷ-ಕ್ಕೆ ಟ ಒತ್ತು, ಅದರ ಜೊತೆ ರ ಒತ್ತು. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಕೆಳಗಿನ ಸಾಲಿನ 'ಕಿ'ಯ ಗುಡಿಸಿಗೆ ನೇರ ಡಿಕ್ಕಿ. ಯಾವುದಾದರೂ ಮದುವೆ ಕಾಗದ ತೆಗೆದು ನೋಡಿ, ಗೊತ್ತಾಗುತ್ತೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲಿನ ಕೈಬರಹವೇ ಅಚ್ಚಾಗುವಾಗ ಈ ರಗಳೆ ಇರಲಿಲ್ಲ. ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುವಾಗಲೇ ಅದು ಶುರು.

ನಿಮ್ಮ ಲೇಖನದ ಬೈಂಡಿಂಗ್ ಭಾಗ ಮಾತ್ರ ಸೊಗಸಾಗಿದೆ. ಒಂದು ಮಾತು ಬಿಟ್ಟುಹೋಗಿದೆ: ಕಾಗದದ ಎಳೆ, ಅಂದರೆ ಅದರ ನಾರುಗಳು ಸಾಲಾಗಿ ಮಲಗಿರುವ ದಿಕ್ಕು, ಪುಸ್ತಕದ ಬೆನ್ನಿನ ಉದ್ದಕ್ಕೇ ಇರಬೇಕು. ಒಂದು ಚೂರು ಕಾಗದದ ಒಂದೇ ಬದಿ ಒದ್ದೆ ಮಾಡಿ. ಅದು ಕೊಳವೆಯಂತೆ ಸುರುಳಿಯಾಗುತ್ತೆ, ಕೊಳವೆಯ ಉದ್ದವೇ ಎಳೆಯ ದಿಕ್ಕು. ಅಡ್ಡ ಎಳೆಯಾದರೆ ಅಂಟು ಹಚ್ಚಿದ ಕಡೆ ಹಾಳೆ ಸುಕ್ಕು ಸುಕ್ಕಾಗಿ ಏಳುತ್ತೆ, ಪುಸ್ತಕ ಸರಿಯಾಗಿ ತೆರೆಯೋದೂ ಇಲ್ಲ.

ಇನ್ನು ಮೈದಾ ಅಂಟಿಗೆ ಹುಳ ಹತ್ತಬಾರದು ಅಂತ ಹಳೆಯ ಬೈಂಡರುಗಳು ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ. ಮಕ್ಕಳ ಕಮ್ಮಟದಲ್ಲಿ ಬೇಡ, ಅವತ್ತವತ್ತಿಗೆ ಬೇಕಾದಷ್ಟೇ ಅಂಟು ಕಾಯಿಸಿಕೊಳ್ಳಿ.