16,150 ಹವಳಗಳ ಎತ್ತಂಗಡಿ

ನಮ್ಮಲ್ಲಿ ವರ್ಗಾವಣೆಗೆ ಮೇ-ಜೂನ್ ಎಂಬ ಹಂಗಾಮಾದರೂ ಇದೆ. ಸಮುದ್ರದಡಿ ಅದೂ ಇಲ್ಲ. ಗ್ರೇಟ್ ನಿಕೋಬಾರ್ ದ್ವೀಪದ ಗಲಾಥಿಯಾ ಕೊಲ್ಲಿಯಲ್ಲಿ ಕಂಟೇನರ್ ಬಂದರು ಏಳಬೇಕಾಗಿದೆ. ಆದ್ದರಿಂದ ಅಲ್ಲಿ ಲೆಕ್ಕಕ್ಕೆ ಸಿಕ್ಕ 20,668 ಹವಳ ಸಮೂಹಗಳಲ್ಲಿ (ಪುಟ್ಟ ಕಡಲಜೀವಿಗಳು ಒಟ್ಟಾಗಿ ಕಟ್ಟಿಕೊಂಡ ಕಲ್ಲಿನ ವಠಾರಗಳು) 16,150ನ್ನು ಬೇರೆಡೆಗೆ ಸಾಗಿಸಬೇಕೆಂದು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಶಿಫಾರಸು ಮಾಡಿದೆ. ಒಬ್ಬ ಮೇಷ್ಟ್ರನ್ನು ಪಕ್ಕದ ತಾಲೂಕಿಗೆ ಕಳಿಸಲು ಮೂರು ಶಾಸಕರ ಪತ್ರ ಬೇಕಾಗುವ ದೇಶದಲ್ಲಿ ಇದು ದಾಖಲೆಯೇ ಸರಿ.

ಕಾನೂನಿನದೊಂದು ಸಣ್ಣ ಕಿರಿಕಿರಿ ಇತ್ತು. ಕರಾವಳಿ ನಿಯಂತ್ರಣ ವಲಯದ ನಿಯಮದಂತೆ ಹವಳ ದಿಬ್ಬದ ಮೇಲೆ ಬಂದರು ಕಟ್ಟುವಂತಿಲ್ಲ. ಅದಕ್ಕೂ ಉತ್ತರ ಸಿಕ್ಕಿತು: ಕಾಮಗಾರಿ ಜಾಗದಲ್ಲಿ ದಿಬ್ಬ ಇಲ್ಲ, ಆಚೀಚೆ ಚದುರಿದ ಹವಳವಿದೆ ಅಷ್ಟೆ. ಊರಂತೂ ಇಲ್ಲ, ಹದಿನಾರು ಸಾವಿರ ಮನೆಗಳನ್ನು ಖಾಲಿ ಮಾಡಿಸಬೇಕು! ಇನ್ನು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹವಳ ಕೂತಿರುವುದು ಹುಲಿಯ ಪಂಕ್ತಿಯಲ್ಲೇ. ಅಕ್ವೇರಿಯಂ ಅಂಗಡಿಯವನು ಒಂದು ತುಂಡು ಮುರಿದರೆ ಜೈಲು. ಸಾವಿರಗಟ್ಟಲೆ ಎಬ್ಬಿಸಿದರೆ ಅದರ ಹೆಸರು ಸಂರಕ್ಷಣಾ ಯೋಜನೆ.

ಸರಿ, ಚಲನಾದೇಶ ಜಾರಿಯಾಗುವುದು ಹೇಗೆ? ಹವಳಕ್ಕೆ ಬಾಯಿ ಇದೆ, ಕಾಲಿಲ್ಲ. (ಆ ಬಾಯೂ ಒಂದೇ. ಉಣ್ಣುವುದು, ಹೊರಹಾಕುವುದು ಎರಡೂ ಅದರಲ್ಲೇ. ತಕರಾರು ಹೇಳಲು ಬಿಡುವೆಲ್ಲಿ?) ಅಕ್ರೊಪೊರಾದಂಥ ಕೊಂಬೆ ಹವಳವಾದರೆ ಉಳಿ-ಸುತ್ತಿಗೆಯಲ್ಲಿ ಬುಡಕ್ಕೆ ಹೊಡೆದು ಬಿಡಿಸಿ, ಸಮುದ್ರದ ನೀರು ತುಂಬಿದ ಕ್ರೇಟಿನಲ್ಲಿ ನೆರಳಿನಲ್ಲೇ ಒಯ್ಯಬೇಕು. ಹೊಸ ಬಂಡೆಯನ್ನು ಮೊದಲು ವೈರ್ ಬ್ರಷ್‌ನಿಂದ ತಿಕ್ಕಬೇಕು. ಪಾಚಿ ಉಳಿದರೆ ಹವಳ ಅಂಟಿಸುವ ಎಪಾಕ್ಸಿ ಗೋಂದು ಕಚ್ಚಿಕೊಳ್ಳುವುದು ಪಾಚಿಗೇ. ಮೊದಲ ದೊಡ್ಡ ಅಲೆಗೆ ಅಂಟೂ ಹವಳವೂ ಒಟ್ಟಿಗೆ ಕಿತ್ತು ಬರುತ್ತವೆ. ತುಂಡು ಕೂದಲೆಳೆಯಷ್ಟು ಅಲ್ಲಾಡಿದರೂ ಬುಡ ಕೂಡಿಕೊಳ್ಳುವುದಿಲ್ಲ. 3 ಮೀಟರ್ ಆಳದಲ್ಲಿ ಬೆಳೆದದ್ದನ್ನು 12 ಮೀಟರಿಗಿಳಿಸಿದರೆ ಬೆಳಕು ಸಾಲದೆ ಸೊರಗುತ್ತದೆ. ಎಲ್ಲ ಸರಿಹೋಯಿತು ಅನ್ನುವಾಗ ಡ್ರುಪೆಲ್ಲಾ ಎಂಬ ಶಂಖದ ಹುಳು ಬಂದು ಜೀವಂತ ಪದರವನ್ನು ಹೆರೆದು ತಿನ್ನುತ್ತದೆ.

ಇವು ಗುಂಪು 'ಡಿ' ನೌಕರರು. ಹಿರಿಯ ಅಧಿಕಾರಿ ಪೊರೈಟಿಸ್. ವರ್ಷಕ್ಕೆ ಹೆಚ್ಚುಕಡಿಮೆ 1 ಸೆಂ.ಮೀ. ಬೆಳೆಯುವ ಈ ಬಂಡೆಹವಳ 1 ಮೀಟರ್ ಎತ್ತರವಾಗಿದ್ದರೆ ಸೇವಾವಧಿ ಸುಮಾರು ನೂರು ವರ್ಷ, ತೂಕ ನೂರಾರು ಕಿಲೋ. ಗಾಳಿಚೀಲ ಕಟ್ಟಿಯೇ ಎತ್ತಬೇಕು. ಮೇಲೇರಿದಂತೆ ನೀರಿನ ಒತ್ತಡ ಇಳಿದು ಚೀಲದ ಗಾಳಿ ಹಿಗ್ಗುತ್ತದೆ. ಗಾಳಿ ಬಿಡುವುದು ಒಂದು ಕ್ಷಣ ತಡವಾದರೂ ಶತಾಯುಷಿ ರಾಕೆಟ್ಟಿನಂತೆ ಮೇಲಕ್ಕೆ ನುಗ್ಗುತ್ತಾನೆ; ಚೀಲ ಮಗುಚಿದರೆ ಅದೇ ವೇಗದಲ್ಲಿ ಡೈವರ್ ತಲೆಯ ಮೇಲೆ.

ಒಂದು ಜೋಡಿ ಡೈವರ್‌ಗಳು ದಿನಕ್ಕೆ 30 ಅಂಟಿಸಿದರೆಂದೇ ಹಿಡಿಯೋಣ. 538 ದಿನ ದಾಟುತ್ತದೆ, ಅದೂ ಮುಂಗಾರು ರಜೆ ಕೇಳದಿದ್ದರೆ.

ಅಲ್ಲಿಗೂ ಪತಿ-ಪತ್ನಿ ಪ್ರಕರಣ ಇತ್ಯರ್ಥವಾಗುವುದಿಲ್ಲ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಯೊಂದು ಸಂಸಾರ ಹೂಡಿರುತ್ತದೆ. ಮನೆಯ ಊಟದ ಬಹುಪಾಲು ಅದರದೇ ದುಡಿಮೆ. ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ನೀರು ಬರೀ 1 ಡಿಗ್ರಿ ಹೆಚ್ಚಾಗಿ ನಾಲ್ಕು ವಾರ ಹಾಗೇ ಉಳಿದರೆ ಸಂಬಂಧ ಮುರಿದು, ಪಾಚಿ ಹೊರಬಿದ್ದು, ಹವಳ ಬಿಳಿಚುತ್ತದೆ. ಅಂಡಮಾನ್ ಕಡಲಿನಲ್ಲಿ 1998, 2010, 2016ರಲ್ಲಿ ಹೀಗಾಗಿದೆ. ಎಪಾಕ್ಸಿ ಬಂಡೆಗೆ ಅಂಟಿಸೀತು, ಸಂಸಾರವನ್ನಲ್ಲ.

ಹಾಗೆ ನೋಡಿದರೆ ಹವಳದ್ದೇ ಪುಣ್ಯ, ಸಮುದ್ರದಲ್ಲಾದರೂ ಉಳಿಯಿತು. ಇದೇ ಯೋಜನೆಗಾಗಿ ಕಡಿಯುವ ಮಳೆಕಾಡಿಗೆ ಬದಲಾಗಿ ಗಿಡ ನೆಡಲು ಗೊತ್ತುಮಾಡಿದ್ದು ಹರಿಯಾಣದಲ್ಲಿ! ಲೆದರ್‌ಬ್ಯಾಕ್ ಕಡಲಾಮೆಗಳು ಮೊಟ್ಟೆಯಿಡುವ ಗಲಾಥಿಯಾ ಅಭಯಾರಣ್ಯವನ್ನು 2021ರ ಜನವರಿಯಲ್ಲಿ ರದ್ದುಮಾಡಿ, ಆಮೇಲೆ ಲಿಟಲ್ ನಿಕೋಬಾರ್‌ನಲ್ಲಿ ಬೇರೊಂದನ್ನು ಘೋಷಿಸಲಾಯಿತು. ಸಾವಿರಾರು ಕಿಲೋಮೀಟರ್ ಈಜಿ ಹಳೇ ದಂಡೆಯನ್ನೇ ಹುಡುಕಿಕೊಂಡು ಬರುವ ಆಮೆ ಇನ್ನೂ ರಾಜ್ಯಪತ್ರ ಓದಿದಂತಿಲ್ಲ.

ಇನ್ನುಳಿದ 4,518 ಹವಳಗಳು? ಅವು ಸ್ಥಳನಿಯುಕ್ತಿಯ ನಿರೀಕ್ಷೆಯಲ್ಲಿವೆ. ಹೂಳಿನಿಂದ ಅವಕ್ಕೇನಾಗುತ್ತದೆ ಎಂದು ನಿರಂತರ ಗಮನಿಸಲಾಗುವುದಂತೆ. ಹೂಳು ಬಿದ್ದಾಗ ಹವಳ ಲೋಳೆ ಸುರಿಸಿ ಅದನ್ನು ಜಾರಿಸುತ್ತದೆ, ಮತ್ತೆ ಬಿದ್ದರೆ ಮತ್ತೆ ಸುರಿಸುತ್ತದೆ. ಕಡಲ ತಳ ಅಗೆದು ಹೂಳೆಬ್ಬಿಸುವ ಡ್ರೆಜರ್ ಹಗಲೂ ರಾತ್ರಿ ಓಡುತ್ತದೆ. ಸ್ಲೇಟು ಹಿಡಿದ ವಿಜ್ಞಾನಿ ಪಕ್ಕದಲ್ಲೇ ತೇಲುತ್ತಾ ಹಾಜರಿ ಕರೆಯುತ್ತಿರುತ್ತಾನೆ.