ಪೊಟ್ಟಣದ ಮೇಲಿನ 120

ನನ್ನ ಅಂಗಡಿಗೆ ಬರುವುದು ಸುಟ್ಟ ಮೋಟರು, ಸವೆದ ಬೇರಿಂಗು, ಮದ್ದು ಬಿಡುವ ಪಂಪು. ಮಳೆಗಾಲ ಹತ್ತಿರ ಬಂತೆಂದರೆ ಕಾಸರಗೋಡಿನ ಬದಿಯಡ್ಕ ಸುತ್ತಿನ ಅಡಿಕೆ ತೋಟದವರಿಗೆಲ್ಲ ಒಟ್ಟಿಗೆ ಅವಸರ. ಅಂಥ ಒಂದು ದಿನವೇ ಅಕ್ಕನ ಮಗ ತನ್ನ ಏರ್‌ಸಾಫ್ಟ್ ಗನ್ನು ಗೋಣಿಯಲ್ಲಿ ಸುತ್ತಿಕೊಂಡು ಬಂದ. "ಮಾವ, ಕರ್ರ್ ಅಂತ ಶಬ್ದ ಬರ್ತದೆ, ಗುಂಡು ಹೋಗ್ತಾ ಇಲ್ಲ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು. ಹಳೆಯ ಮುರಕಲ್ಲು ಕೋರೆಯಲ್ಲಿ ಹುಡುಗರು ಕನ್ನಡಕ, ಮುಖವಾಡ ಹಾಕಿಕೊಂಡು ಎರಡು ಪಂಗಡ ಮಾಡಿ ಆಡುತ್ತಾರೆ. ಒಳಗೆ ಬ್ಯಾಟರಿಯ ಮೋಟರ್ ಗಿಯರ್ ತಿರುಗಿಸುತ್ತದೆ. ಗಿಯರ್ ಪಿಸ್ಟನ್‌ನ ಹಲ್ಲು ಹಿಡಿದು ಹಿಂದಕ್ಕೆ ಎಳೆಯುತ್ತದೆ. ಹಲ್ಲು ಮುಗಿದ ಕೂಡಲೇ ಹಿಂದಿನ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ, ಆ ಗಾಳಿಗೆ ಗುಂಡು ಹಾರುತ್ತದೆ. ಅಷ್ಟೇ.

ಪೇಪರ್ ಹಾಸಿ ಬಿಚ್ಚಿದೆ. ಅವಸರಕ್ಕೆ ಒಂದು ತಪ್ಪು ಮಾಡಿದೆ. ಹಿಂದಿನ ತೂತಿನಿಂದ ಸಪೂರ ಸ್ಕ್ರೂಡ್ರೈವರ್ ತೂರಿಸಿ ಸ್ಪ್ರಿಂಗನ್ನು ತಡೆದು ಹಿಡಿಯದೆ ಮುಚ್ಚಳ ಎತ್ತಿಬಿಟ್ಟೆ. ಸ್ಪ್ರಿಂಗ್ ಚಂಗನೆ ಹಾರಿ ಸೀಲಿಂಗಿಗೆ ಬಡಿಯಿತು. ಜೊತೆಗೆ ಹಾರಿದ ಚಿಕ್ಕ ಲ್ಯಾಚ್ ಸ್ಪ್ರಿಂಗ್ ಹುಡುಕಲು ಹಳೆ ಸ್ಪೀಕರಿನ ಅಯಸ್ಕಾಂತ ಹಿಡಿದು ಇಡೀ ನೆಲ ಸವರಬೇಕಾಯಿತು. ಒಳಗಿನ ಗ್ರೀಸು ಬೆಳ್ಳಗೆ, ರವೆ ಬೆರೆಸಿದ ಹಾಗೆ. ಅದು ರವೆಯಲ್ಲ, ಪಿಸ್ಟನ್ನಿನ ಪ್ಲಾಸ್ಟಿಕ್ ಹಲ್ಲು. ಮೂರು ಪೂರ್ತಿ ಹೋಗಿತ್ತು.

"ಸ್ಪ್ರಿಂಗ್ ಬದಲಾಯಿಸಿದ್ದೀಯಾ?"

ತಲೆ ತಗ್ಗಿಸಿದ. ಆನ್‌ಲೈನಿನಲ್ಲಿ ತರಿಸಿದ 120 ನಂಬರಿನದನ್ನು ಹಾಕಿ ಮೂರು ದಿನ ಆಗಿತ್ತಂತೆ. ಇನ್ನೊಂದು ಪೊಟ್ಟಣವೂ ಜೇಬಲ್ಲಿತ್ತು. ಅದೂ 120, ಬೇರೆ ಕಂಪೆನಿಯದು. ಎರಡೂ ಒಂದೇ ಅಂದುಕೊಂಡಿದ್ದ.

ನನಗೆ ಸಿಟ್ಟು ಬರುವುದು ಇಲ್ಲೇ. ಒಂದರ ಮೇಲೆ ಎಂ 120 ಅಂತಿತ್ತು. ಅಂದರೆ 0.20 ಗ್ರಾಮಿನ ಗುಂಡು ಸೆಕೆಂಡಿಗೆ ಸುಮಾರು 120 ಮೀಟರ್ ವೇಗದಲ್ಲಿ ಹೋಗಬೇಕು ಎನ್ನುವ ಅಂದಾಜು. ಇನ್ನೊಂದರಲ್ಲಿ 120ರ ಪಕ್ಕ ಸಣ್ಣಗೆ ಶೇಕಡಾ ಗುರುತು. ಅದು ಮೂಲ ಸ್ಪ್ರಿಂಗಿಗೆ ಹೋಲಿಸಿ ಹೇಳಿದ ಲೆಕ್ಕ. ಎರಡಕ್ಕೂ ಸಂಬಂಧವೇ ಇಲ್ಲ. ತುದಿಗೆ ಬಳಿದ ಬಣ್ಣವನ್ನೂ ನಂಬುವ ಹಾಗಿಲ್ಲ. ಒಬ್ಬರ ಕೆಂಪು ಇನ್ನೊಬ್ಬರ ಕೆಂಪಲ್ಲ, ಗ್ರೀಸು ತಾಗಿದರೆ ಅದೂ ಹೋಗುತ್ತದೆ.

ದಪ್ಪ ಅಳೆಯುವ ವರ್ನಿಯರ್ ತೆಗೆದೆ. ಹೊರಗಿನ ಅಗಲ, ಸುತ್ತಿನ ಲೆಕ್ಕ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ತಂತಿ ಮಾತ್ರ ಒಂದರದ್ದು 1.3 ಮಿ.ಮೀ., ಇನ್ನೊಂದರದ್ದು 1.4. "ಅಷ್ಟೇನಾ?" ಅಂದ ಅಳಿಯ. ಅಷ್ಟೇ ಅಲ್ಲ ಮಾರಾಯ. ಸ್ಪ್ರಿಂಗಿನ ಗಡಸು ತಂತಿಯ ದಪ್ಪವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿದ ಲೆಕ್ಕದಲ್ಲಿ ಏರುತ್ತದೆ. ಕ್ಯಾಲ್ಕುಲೇಟರ್ ಒತ್ತಿ ತೋರಿಸಿದೆ. ಕೂದಲೆಳೆಯಷ್ಟು ದಪ್ಪ ಜಾಸ್ತಿಯಾದದ್ದಕ್ಕೆ ಗಡಸು ಮೂರನೇ ಒಂದು ಪಾಲು ಜಾಸ್ತಿ. ಉದ್ದ ನೋಡಿ ಗುರುತಿಸುತ್ತೇನೆ ಎನ್ನುವವರಿಗೂ ಒಂದು ಮಾತು. ಬಳಸಿದ ಸ್ಪ್ರಿಂಗ್ ಕುಗ್ಗಿರುತ್ತದೆ. ಒತ್ತಿದ ಸ್ಥಿತಿಯಲ್ಲೇ ವಾರಗಟ್ಟಲೆ ಇಟ್ಟಿದ್ದರೆ ಇನ್ನೂ ಜಾಸ್ತಿ.

ವೇಗದ ಲೆಕ್ಕವೂ ಹಾಗೆಯೇ ಮೋಸ ಮಾಡುತ್ತದೆ. ಅದೇ ಗುಂಡು 100 ಮೀಟರಿನಲ್ಲಿ ಹೋದರೆ 1 ಜೌಲ್, 120ರಲ್ಲಿ ಹೋದರೆ 1.44. ವೇಗ ಐದನೇ ಒಂದು ಪಾಲು ಏರಿದ್ದಕ್ಕೆ ಪೆಟ್ಟು ಅರ್ಧದಷ್ಟು ಹತ್ತಿರ ಏರಿತು. ಈ ಆಟ ಹುಟ್ಟಿದ ಜಪಾನಿನಲ್ಲಿ 6 ಮಿ.ಮೀ. ಗುಂಡಿಗೆ ಕಾನೂನಿನ ಮಿತಿಯೇ 0.98 ಜೌಲ್. ನಮ್ಮ ಹುಡುಗರು ಕೋರೆಯಲ್ಲಿ ಹತ್ತು ಮಾರು ದೂರದಿಂದ ಹೊಡೆದುಕೊಳ್ಳುತ್ತಾರೆ. ಅವರಿಗ್ಯಾಕೆ 120?

ಇನ್ನು ನಿಜವಾದ ರೋಗ. ಅವನ ಗನ್ನಿಗೆ ಮೊದಲಿಂದಲೂ ಗಾಳಿ ಸೋರುತ್ತಿತ್ತು. ಸಿಲಿಂಡರಿನ ಬಾಯಿಗೆ ಬೆರಳಿಟ್ಟು ಪಿಸ್ಟನ್ ದೂಡಿದರೆ ಅದು ತಡೆದು ನಿಲ್ಲಬೇಕು. ಇದು ಸುಯ್ ಅಂತ ಕೊನೆವರೆಗೂ ಹೋಯಿತು. ಮದ್ದಿನ ಕೈಪಂಪಿನ ಚರ್ಮದ ವಾಷರ್ ಒಣಗಿದರೆ ಎಷ್ಟು ಒತ್ತಿದರೂ ಮದ್ದು ಅಡಿಕೆ ಗೊನೆಗೆ ತಲುಪುತ್ತದಾ? ವಾಷರ್ ಬಿಟ್ಟು ಒತ್ತುವವನನ್ನೇ ಬದಲಾಯಿಸಿದ ಹಾಗೆ ಆಯಿತು ಇವನ ಕೆಲಸ. ಪಿಸ್ಟನ್ ಹೊಸದು ಹಾಕಿದೆವು, ಅದರ ತಲೆಗೆ ಹೊಸ ಓ-ರಿಂಗ್, ಮುಂದಿನ ನಾಝಲ್ ಬದಲು, ಸಿಲಿಂಡರ್ ತಲೆಗೆ ಥ್ರೆಡ್ ಟೇಪ್ ಒಂದು ಸುತ್ತು. ಸ್ಪ್ರಿಂಗ್ ಮಾತ್ರ 120ಕ್ಕೂ ಮೊದಲಿದ್ದ ಹಳೆಯದೇ.

ಮಂಗಳೂರಿನ ಅವನ ಗೆಳೆಯನಲ್ಲಿ ವೇಗ ಅಳೆಯುವ ಕ್ರೋನೋ ಇದೆ. ಸೋರುವಾಗ ಹಳೆ ಸ್ಪ್ರಿಂಗಿನಲ್ಲಿ ಸೆಕೆಂಡಿಗೆ 275 ಅಡಿ ಬರುತ್ತಿತ್ತಂತೆ. 120 ಹಾಕಿದ ಮೇಲೆ 340. ಈಗ ಹಳೆ ಸ್ಪ್ರಿಂಗಿನಲ್ಲೇ 325. ಹದಿನೈದು ಅಡಿ ಜಾಸ್ತಿಗೆ ಮೂರು ಹಲ್ಲು ಕೊಟ್ಟಿದ್ದ ಪುಣ್ಯಾತ್ಮ. ಆ 120ಕ್ಕೆ ಬರೀ ಪ್ಲಾಸ್ಟಿಕ್ ಹಲ್ಲಿನ ಪಿಸ್ಟನ್ ಸಾಲದು. ಲೋಹದ ಹಲ್ಲಿನ ಪಿಸ್ಟನ್, ಗಟ್ಟಿ ಗಿಯರ್, ಮೋಟರ್, ಬ್ಯಾಟರಿ ಅಂತ ಒಂದರ ಹಿಂದೆ ಒಂದು ಬೇಕಾಗುತ್ತದೆ. ಕೆಲವು ಗಿಯರ್‌ಬಾಕ್ಸಿನ ಮುಂಭಾಗವೇ ಬಿರುಕು ಬಿಡುತ್ತದೆ.

ಕತ್ತರಿಸಿ ಸಡಿಲ ಮಾಡುತ್ತೇನೆ ಎಂದ ಒಬ್ಬನಿಗೂ ಹೇಳಿದೆ. ಸುತ್ತು ಕಡಿದರೆ ಉಳಿದ ಭಾಗ ಗಡಸಾಗುತ್ತದೆ, ಆದರೆ ಮೊದಲೇ ಒತ್ತಿ ಕೂರಿಸಿದ ಬಿಗಿ ಕಡಿಮೆಯಾಗುತ್ತದೆ. ಮತ್ತೆ ಕಡಿದ ತುದಿ ಚಪ್ಪಟೆ ಇರುವುದಿಲ್ಲ. ಓರೆ ನಿಂತು ಪಿಸ್ಟನ್ ಒಳಗೆ ಗೀರುತ್ತದೆ.

ಒಂದು ಪಕ್ಕದ ಮಾತು. ಇದನ್ನೆಲ್ಲ ನೋಡುತ್ತಾ ನಿಂತಿದ್ದ ತೋಟದವರೊಬ್ಬರು, "ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ಮಂಗಕ್ಕೆ ಆಗ್ತದಾ?" ಎಂದರು. ಅದಕ್ಕಾದರೆ ನಾನು ಮಾಡಿ ಕೊಡುವುದಿಲ್ಲ ಅಣ್ಣ, ಗುರುತಿನವರಾದರೂ ಸರಿ ಎಂದೆ. ಸ್ವಲ್ಪ ಮುಖ ಸಣ್ಣ ಮಾಡಿದರು. ಪಂಪು ರಿಪೇರಿಗೆ ಕೊಟ್ಟೇ ಹೋದರು.

ಈಗ ನನ್ನ ಡ್ರಾಯರಿನಲ್ಲಿ ಏಳು ಸ್ಪ್ರಿಂಗ್ ಇವೆ. ಎಲ್ಲಕ್ಕೂ ಅಳಿಯ ಟೇಪ್ ಅಂಟಿಸಿ ತಂತಿ, ಸುತ್ತು, ಹೊರ ಅಗಲ ಬರೆದಿದ್ದಾನೆ. ಅವನದ್ದು ಮಲಯಾಳಂ ಮೀಡಿಯಂ, ಟಿಪ್ಪಣಿ ನನಗೆ ತಡವರಿಸಿ ಓದಬೇಕು. ಅಂಕಿ ಮಾತ್ರ ಇಬ್ಬರದ್ದೂ ಒಂದೇ.

ನಿಮ್ಮಲ್ಲೂ ಗುರುತು ಸಿಗದ ಸ್ಪ್ರಿಂಗ್ ಇದ್ದರೆ ತನ್ನಿ, ಅಳೆದು ಕೊಡುತ್ತೇನೆ. ದುಡ್ಡು ಬೇಡ. ಕಡಿಯದೆ ತನ್ನಿ, ಭಾನುವಾರ ಬರಬೇಡಿ.