ತಕ್ಕಡಿ ಶಾಲೆಗೆ ಹೋದ ವಾರ

ಶಾಲೆಗೆ ದುಡ್ಡು ಕೊಡುವುದು ಸುಲಭ. ಕೊಟ್ಟೆವು, ರಸೀದಿ ತಗೊಂಡೆವು, ಮುಗಿಯಿತು. ಸಾಮಾನು ಎರವಲು ಕೊಡುವುದಿದೆಯಲ್ಲ, ಅದು ಬೇರೆಯೇ ಕತೆ.

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ದಂಡೆಯ ಊರು ನಮ್ಮದು. ಅಲ್ಲಿ ನನ್ನದೊಂದು ಕಿರಾಣಿ ಅಂಗಡಿ, ಎದುರಿಗೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಫೆಬ್ರವರಿ ಕೊನೆಯ ಒಂದು ಸೋಮವಾರ ಹೆಡ್‌ಮಾಸ್ತರ್ರು ಬಂದರು. ಶನಿವಾರ ಮೆಟ್ರಿಕ್ ಮೇಳ, ಅಂದರೆ ಮಕ್ಕಳೇ ಸಾಮಾನು ತಂದು ಮಾರುವ ಸಂತೆ ಇದೆ, ಅಷ್ಟರೊಳಗೆ ಮಕ್ಕಳಿಗೆ ತೂಕ ಮಾಡಿ ಅಭ್ಯಾಸ ಆಗಬೇಕು, ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿ ಕೊಡಿ ಅಂದರು. ನಾನು ಶಾಲೆಯ ಅಭಿವೃದ್ಧಿ ಸಮಿತಿ, ಅದೇ ಎಸ್‌ಡಿಎಂಸಿಯ ಸದಸ್ಯ ಬೇರೆ. ಇಲ್ಲ ಅನ್ನುವುದು ಹೇಗೆ? ಅಟ್ಟದ ಮೇಲಿದ್ದ ಹಳೇ ತಕ್ಕಡಿ ಇಳಿಸಿ, ಜೇಡರ ಬಲೆ ಒರೆಸಿ ವ್ಯಾಪಾರಕ್ಕೆ ಕೂತೆ. ಹೊಸದು ರಸ್ತೆ ದಾಟಿ ಶಾಲೆಗೆ ಸೇರಿತು.

ತಕ್ಕಡಿ ಸಿಕ್ಕರೆ ಮಕ್ಕಳು ಅಕ್ಕಿ, ಬೇಳೆ ತೂಗುತ್ತಾರೆ ಅಂತ ಮಾಸ್ತರ್ರು ತಿಳಿದಿದ್ದರು. ಅವರು ತೂಗಿದ್ದು ಪಾಟೀಚೀಲ. ಚೀಲದ ತೂಕ ಎಷ್ಟಿರಬೇಕು ಅಂತ 2019ರಲ್ಲಿ ಸರ್ಕಾರ ಹೊರಡಿಸಿದ ಆದೇಶವನ್ನು ಅಕ್ಕೋರು, ಅಂದರೆ ಟೀಚರು, ಯಾವತ್ತೋ ಗೋಡೆಗೆ ಅಂಟಿಸಿದ್ದರು. ಒಂದು, ಎರಡನೇ ಕ್ಲಾಸಿಗೆ 2 ಕೆಜಿ ದಾಟಬಾರದು, ಮೂರರಿಂದ ಐದಕ್ಕೆ 3 ಕೆಜಿ. ಅದನ್ನು ಅಲ್ಲಿಯವರೆಗೆ ಯಾರೂ ಓದಿರಲಿಲ್ಲ. ಈಗ ಏಳನೇ ಕ್ಲಾಸಿನವರು ಬಾಗಿಲಲ್ಲೇ ತಕ್ಕಡಿ ಇಟ್ಟುಕೊಂಡು ಚೆಕ್‌ಪೋಸ್ಟ್ ಮಾಡಿಬಿಟ್ಟರು.

ನಾಲ್ಕನೇ ಕ್ಲಾಸಿನ ಒಬ್ಬನ ಚೀಲ 5 ಕೆಜಿ 200 ಗ್ರಾಂ ಬಂತು. ಬಿಚ್ಚಿ ನೋಡಿದರೆ ಪುಸ್ತಕ ಎರಡೇ. ಉಳಿದದ್ದು ಹೊಳೆಕಲ್ಲು, ಸೈಕಲ್ ಚೈನು, ಕಾಗದದಲ್ಲಿ ಸುತ್ತಿದ ಹುಣಸೆಹಣ್ಣು ಮತ್ತು ಒಂದು ಸುಲಿದ ತೆಂಗಿನಕಾಯಿ.

“ಕಾಯಿ ಎಂತಕ್ಕೋ?” ಅಂತ ಅಕ್ಕೋರು ಕೇಳಿದರು.

“ಅಂಗಡಿಗೆ ಕೊಡುಕೆ ಅಮ್ಮ ಹೇಳಿತ್ತು ಅಕ್ಕೋರೇ. ಹೋದ ವಾರ.”

ಆ ಕಾಯಿಯ ಲೆಕ್ಕಕ್ಕೆ ನಾನು ಹೋದ ವಾರವೇ ಸಾಬೂನು ಕೊಟ್ಟಾಗಿತ್ತು. ಅದು ಅಷ್ಟು ದಿನ ದಿನಾ ಶಾಲೆಗೆ ಹೋಗಿ ಬರುತ್ತಿತ್ತು. ಹಾಜರಿಯಲ್ಲಿ ಆ ಹುಡುಗನಿಗಿಂತ ಕಾಯಿಯೇ ಮುಂದೆ ಅಂತ ಮಾಸ್ತರ್ರು ಆಮೇಲೆ ಹೇಳಿದರು.

ಮರುದಿನ ಬಿಸಿಯೂಟದ ಮೊಟ್ಟೆಗೆ ಬಂತು. ಅಲ್ಲಿಯವರೆಗೆ ಮೊಟ್ಟೆ ಅಂದ್ರೆ ಮೊಟ್ಟೆ, ಸುಲಿದು ತಿನ್ನುವುದು. ಈಗ “ನಂದು 46 ಗ್ರಾಂ, ಅವಂದು 55” ಅಂತ ತಕರಾರು. ಮೊಟ್ಟೆ ತಿನ್ನದವರೂ ಸುಮ್ನೆ ಕೂರಲಿಲ್ಲ. ಬಾಳೆಹಣ್ಣನ್ನು ಸಿಪ್ಪೆ ಸಮೇತ ತೂಗಬೇಕೋ, ಸುಲಿದ ಮೇಲೋ? ಇದಕ್ಕೆ ಮಾಸ್ತರ್ರ ಹತ್ತಿರವೂ ಉತ್ತರ ಇರಲಿಲ್ಲ. ಅಡುಗೆಯ ಅಕ್ಕ ಸೌಟು ಹಿಡಿದು ಬಂದು, “ಕೋಳಿಗೆ ಹೋಗಿ ಕೇಳಿ” ಅಂದ ಮೇಲೆ ಊಟದ ಹೊತ್ತಿಗೆ ತಕ್ಕಡಿ ಕಪಾಟಿನೊಳಗೆ ಹೋಗಬೇಕು ಅಂತ ತೀರ್ಮಾನ ಆಯಿತು.

ಇಷ್ಟು ಹೊತ್ತು ನಾನು ಈ ಕಡೆ ಕೂತು ಚೆನ್ನಾಗಿ ನಗುತ್ತಿದ್ದೆ. ಗುರುವಾರ ಏಳನೇ ಕ್ಲಾಸಿನ ಒಬ್ಬಳು ನೋಟ್‌ಬುಕ್ ಹಿಡಿದು ಅಂಗಡಿಗೇ ಬಂದಳು. ಬೆಳಿಗ್ಗೆ ನಮ್ಮಲ್ಲಿಂದ ಒಯ್ದಿದ್ದ ಸಕ್ಕರೆ ಪೊಟ್ಟಣ ಕೈಯಲ್ಲಿತ್ತು.

“ಮಾಮಾ, ನಿಮ್ಮ 1 ಕೆಜಿ ಪೊಟ್ಟಣ 1018 ಗ್ರಾಂ ಉಂಟು. ಪ್ಲಾಸ್ಟಿಕ್ ಕಳೆದೇ ಹೇಳ್ತಿದ್ದೇನೆ.”

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಕಡಿಮೆ ಕೊಟ್ಟು ಸಿಕ್ಕಿಬಿದ್ದವರನ್ನು ಊರು ನೋಡಿದೆ, ಜಾಸ್ತಿ ಕೊಟ್ಟು ಸಿಕ್ಕಿಬಿದ್ದವ ನಾನೊಬ್ಬನೇ ಇರಬೇಕು. ಎದೆ ಉಬ್ಬಿಸಿಕೊಂಡು ಒಳಗೆ ನೋಡಿದರೆ, ನಮ್ಮನೆಯವಳು ಆಗಲೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕುತ್ತಿದ್ದಳು. ದಿನಕ್ಕೆ ಹತ್ತು ಪೊಟ್ಟಣ ಅಂದರೂ ವರ್ಷಕ್ಕೆ 65 ಕೆಜಿ. ಒಂದು ಮೂಟೆಗಿಂತ ಜಾಸ್ತಿ! ರಾತ್ರಿ ಚಹಾಕ್ಕೆ ಸಕ್ಕರೆ ಇರಲಿಲ್ಲ. ಪೊಟ್ಟಣ ಕಟ್ಟುವುದು ಅವಳ ತಮ್ಮ, ಅದೂ ಬರೀ ಕೈ ಅಂದಾಜಿನಲ್ಲಿ. ಆ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮೇಳದ ದಿನ ಅಂಗಳಕ್ಕೆ ಚಪ್ಪರ, ಮೈಕು, ಊರಿಗೆ ಊರೇ ಹಾಜರು. ಮಾಸ್ತರ್ರು ಒಳ್ಳೆಯ ಭಾಷಣ ಮಾಡಿದರು. 1956ರಲ್ಲಿ ತೂಕ ಅಳತೆಯ ಕಾಯ್ದೆ ಬಂದದ್ದು, 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆದದ್ದು, ಸೇರು ಪಾವು ಎಲ್ಲ ಇತಿಹಾಸ ಸೇರಿದ್ದು. ಭಾಷಣ ಮುಗಿದು ವ್ಯಾಪಾರ ಶುರುವಾಯಿತು ನೋಡಿ, ಸೇರು ಪಾವು ಇತಿಹಾಸದಿಂದ ವಾಪಸ್ ಬಂದವು.

ತಪ್ಪು ಮಕ್ಕಳದ್ದಲ್ಲ. ನಮ್ಮ ಕಡೆ ಬಂಗಡೆ ಎಣಿಕೆಯ ಲೆಕ್ಕ, ಬಳಚು ಅನ್ನುವ ಹೊಳೆಯ ಚಿಪ್ಪಿಗೆ ಪಾಲಿನ ಲೆಕ್ಕ, ಹರಿವೆ ಕಟ್ಟಿನ ಲೆಕ್ಕ. ಹೆದ್ದಾರಿ ಬದಿಗೆ ತೂಗುಹಾಕುವ ಕುಮಟಾದ ಸಿಹಿ ನೀರುಳ್ಳಿಗೆ ಗೊಂಚಲಿನ ಲೆಕ್ಕ. ಕಗ್ಗದ ಅಕ್ಕಿ ತಂದವನ ಹತ್ತಿರ ಅವನ ಅಜ್ಜಿಯ ಸೇರೇ ಇತ್ತು. ನನ್ನ ತಕ್ಕಡಿ ಮೇಜಿನ ಮೇಲೆ ಒಂದೇ ಕೂತಿತ್ತು. ಕೊನೆಗೆ ಅದರ ಮೇಲೆ ಯಾರೋ ಸಾಣಿಕಟ್ಟಾ ಉಪ್ಪಿನ ಹಸಿ ಚೀಲ ಇಟ್ಟರು, ತೂಗುವುದಕ್ಕಲ್ಲ, ನೆಲ ಒದ್ದೆಯಾಗಬಾರದು ಅಂತ.

ಎಲ್ಲಕ್ಕಿಂತ ಜೋರು ಜಗಳ ಅಬ್ಬಲಿಗೆ ಹೂವಿನದ್ದು. ಮಾರುವವಳು ಎರಡನೇ ಕ್ಲಾಸಿನವಳು. ಮೊಳಕ್ಕೆ ಹತ್ತು ರೂಪಾಯಿ ಅಂದಳು. ಎಲ್ಲರೂ ಮುಗಿಬಿದ್ದರು. ಅವಳು ತನ್ನ ಮೊಣಕೈಗೆ ದಂಡೆ ಹಿಡಿದು ಬೆರಳ ತುದಿಗೆ ಕತ್ತರಿಸಿದಳು. ಎರಡನೇ ಕ್ಲಾಸಿನ ಕೈ ಎಷ್ಟುದ್ದ ಇರುತ್ತದೆ, ಹೇಳಿ? ಮುಡಿಯಲಿಕ್ಕೆ ಹೋದರೆ ಪಿನ್ನಿಗೇ ಸಾಲದು. ಪಂಚಾಯ್ತಿ ಸದಸ್ಯೆಯೊಬ್ಬರು ತಮ್ಮ ಕೈ ಚಾಚಿ, “ಇದರಲ್ಲಿ ಅಳಿ ತಂಗೀ” ಅಂದರು.

“ಹೂವು ಕಟ್ಟಿದ್ದು ನನ್ನ ಕೈಯಲ್ಲಿ, ಅಳೆಯೂದೂ ನನ್ನ ಕೈಯಲ್ಲೇ” ಅಂದಳು. ಅಕ್ಕೋರು ಸ್ಕೇಲು ತಂದು ನ್ಯಾಯ ಮಾಡುವಷ್ಟರಲ್ಲಿ ಬುಟ್ಟಿ ಖಾಲಿ. ನನಗೆ ಕೇಳಿದರೆ, ಅವತ್ತು ವ್ಯಾಪಾರ ಕಲಿತವಳು ಅವಳೊಬ್ಬಳೇ.

ಬಳಚಿನವನದ್ದು ಇನ್ನೊಂದು ಬಗೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿದ್ದನ್ನು ಅಕ್ಕೋರು ಪಾಠದಲ್ಲಿ ಹೇಳಿದ್ದರಂತೆ. ಅವನು ರಟ್ಟಿನ ಮೇಲೆ ದೊಡ್ಡದಾಗಿ “ಅಪ್ಪಟ ರಾಮ್ಸರ್ ಬಳಚು, ಪಾಲಿಗೆ 50” ಅಂತ ಬರೆದು ನಿಲ್ಲಿಸಿದ್ದ. ಒಬ್ಬ ಅಜ್ಜಿ ಬಂದು, “ರಾಮನ ಹೆಸರು ಹಾಕಿ ಬಳಚು ಮಾರ್ತ್ಯಲ್ಲೋ!” ಅಂತ ಗದರಿಸಿ, ಮುಂದಿನ ಅಂಗಡಿಗೆ ಹೋಗಿ ಎಂಟಾಣೆಗೆ ಕರಿಬೇವು ಕೇಳಿತು. ಇವನ ಬಳಚು ಅರ್ಧಕ್ಕರ್ಧ ಉಳಿಯಿತು.

ಸಂಜೆ ತಕ್ಕಡಿ ವಾಪಸ್ ಬಂತು. ಉಪ್ಪುನೀರು ಕುಡಿದು, ಮೇಲೆ ಏನೂ ಇಡದಿದ್ದರೂ 40 ಗ್ರಾಂ ತೋರಿಸುತ್ತಿತ್ತು. ರಿಪೇರಿಗೆ ಕೊಡಬೇಕು ಅಂದೆ. “ಒಂದು ವರ್ಷ ಹೀಂಗೇ ಇರ್ಲಿ ಬಿಡಿ, ಸಕ್ಕರೆ ಲೆಕ್ಕ ಸರಿ ಆಗ್ತದೆ” ಅಂದಳು ನಮ್ಮನೆಯವಳು. ನಗದೇ ಅಂದಳು. ತೂಕದ ಇಲಾಖೆಯವರು ಮುದ್ರೆ ನೋಡಲು ಬರುತ್ತಾರೆ ಅಂತ ಹೆದರಿಸಿ ಕುಮಟಾಕ್ಕೆ ಕಳಿಸಬೇಕಾಯಿತು.

ಉಳಿದ ಬಳಚಿನ ಚೀಲ ಏನಾಯಿತು ಅಂತ ಶನಿವಾರ ಯಾರೂ ಕೇಳಲಿಲ್ಲ. ಅದು ನಲಿ-ಕಲಿ ಕೋಣೆಯ ಮೂಲೆಯಲ್ಲಿ, ಬೀಗದೊಳಗೆ, ಭಾನುವಾರ ಪೂರ್ತಿ ಇತ್ತು. ಸೋಮವಾರ ಬಾಗಿಲು ತೆಗೆದ ಮಾಸ್ತರ್ರು ಹಾಗೇ ಹಿಂದೆ ಹೆಜ್ಜೆ ಇಟ್ಟು ಬಾಗಿಲು ಹಾಕಿದರಂತೆ. ವಾಸನೆ ನಮ್ಮ ಅಂಗಡಿಯ ತನಕ ಬಂತು. ಮಕ್ಕಳನ್ನೆಲ್ಲ ಮಾವಿನಮರದ ಬುಡದಲ್ಲಿ ಕೂರಿಸಿ ಪಾಠ ಶುರುವಾಯಿತು. ದಿನದ ಚಟುವಟಿಕೆಯ ಫೋಟೋವನ್ನು ಸುತ್ತಲಿನ ಶಾಲೆಗಳ ಕ್ಲಸ್ಟರ್ ಗ್ರೂಪಿಗೆ ಹಾಕಲೇಬೇಕಲ್ಲ, “ಪ್ರಕೃತಿಯ ಮಡಿಲಲ್ಲಿ ಹೊರಾಂಗಣ ಕಲಿಕೆ” ಅಂತ ಬರೆದು ಹಾಕಿದರು. ಫೋಟೋದಲ್ಲಿ ಮಕ್ಕಳೆಲ್ಲ ಮೂಗಿಗೆ ಕರ್ಚೀಪು ಹಿಡಿದುಕೊಂಡಿದ್ದರು.

ಹತ್ತು ನಿಮಿಷದಲ್ಲಿ ಮೇಲಿನಿಂದ ಉತ್ತರ ಬಂತು: “ಆರೋಗ್ಯ ಜಾಗೃತಿಯನ್ನೂ ಸೇರಿಸಿದ್ದು ಮಾದರಿಯಾಗಿದೆ. ಉಳಿದ ಶಾಲೆಗಳೂ ಇದೇ ವಾರ ಮಾಡಿ, ಫೋಟೋ ಕಳಿಸುವುದು.”